ಜಯಸಿಂಹರ ಕಂಪ್ಯೂಟರೂ ವೆಂಕಟಸುಬ್ಬಯ್ಯನವರ ಬಲಗಿವಿಯೂ

ವಿಲೆ ಪಾರ್ಲೆ ಪೂರ್ವದ ನವಸಂತೋಷ ಸೊಸೈಟಿಯಲ್ಲಿ ಇಪ್ಪತ್ತನಾಲ್ಕು ಮನೆಗಳಿದ್ದರೂ ಟೈಪ್‌ರೈಟರ್ ಇದ್ದದ್ದು ಒಂದೇ ಮನೆಯಲ್ಲಿ. ಅದು ಎರಡನೆಯ ಮಹಡಿಯ ವೆಂಕಟಸುಬ್ಬಯ್ಯನವರ ಮನೆ. ಅವರು ಫೋರ್ಟಿನ ಒಂದು ಹಡಗು ಕಂಪನಿಯಲ್ಲಿ ಸ್ಟೆನೋಗ್ರಾಫರ್. ಸಾಹೇಬರು ಎಷ್ಟೇ ವೇಗವಾಗಿ ಹೇಳಲಿ, ಬಾಯಲ್ಲಿ ಪೈಪು ಕಚ್ಚಿಕೊಂಡೇ ಹೇಳಲಿ, ಒಂದು ಪದ ತಪ್ಪದಂತೆ ಬರೆದುಕೊಳ್ಳುವವರು. ಮನೆಗೆ ಬಂದ ಮೇಲೆ ಬಿಲ್ಡಿಂಗಿನ ಕೆಲಸ. ನೀರು ಬರುತ್ತಿಲ್ಲವೆಂದು ಮುನಿಸಿಪಾಲಿಟಿಗೆ ಹೋಗುವ ಅರ್ಜಿ, ಹೆಣ್ಣುಮಕ್ಕಳ ಫೋಟೋ ಜೊತೆ ಕಳಿಸುವ ಬಯೋಡಾಟಾ, ಸೊಸೈಟಿಯ ನೋಟೀಸು, ಎಲ್ಲವೂ ಅವರ ಮೇಜಿನ ಮೇಲೆ ಹುಟ್ಟಿಯೇ ಹೊರಗೆ ಹೋಗಬೇಕು. ಇದಕ್ಕೆ ಅವರು ಯಾರಿಂದಲೂ ಏನನ್ನೂ ಬಯಸುತ್ತಿರಲಿಲ್ಲ. ಕಾಗದ ಹಿಡಿದು ಬಂದವರು, ಅವರು ಕನ್ನಡಕ ಹುಡುಕಿಕೊಳ್ಳುವವರೆಗೆ, ಬಾಗಿಲಲ್ಲಿ ಸ್ವಲ್ಪ ವಿನಯವಾಗಿ ನಿಂತಿದ್ದರೆ ಸಾಕಾಗಿತ್ತು.

ತೊಂಬತ್ತೆರಡರ ಮಳೆಗಾಲ ಅರ್ಧ ಮುಗಿಯುವ ಹೊತ್ತಿಗೆ ಪಕ್ಕದ ಮನೆಯ ಜಯಸಿಂಹರಿಗೆ ಅವರ ಭಾವಮೈದುನ ಸಿಂಗಾಪುರದಿಂದ ಒಂದು ಕಂಪ್ಯೂಟರ್ ತಂದುಕೊಟ್ಟ.

ಜಯಸಿಂಹರು ಬೆಂಗಳೂರಿನವರು. ಏರ್‌ಪೋರ್ಟಿನಲ್ಲಿ ವಿಮಾನದ ಎಂಜಿನ್ ರಿಪೇರಿ ಮಾಡುವ ವಿಭಾಗದಲ್ಲಿ ಸೂಪರ್‌ವೈಸರ್. ಸಜ್ಜನರು, ಗಟ್ಟಿ ದನಿಯವರು. ಹದಿನಾಲ್ಕು ವರ್ಷ ಎರಡು ಮನೆಗಳ ನಡುವೆ ಒಂದೇ ಗೋಡೆ ಇದ್ದರೂ ವೆಂಕಟಸುಬ್ಬಯ್ಯನವರಿಗೆ ಅವರ ಮೇಲೆ ಯಾವ ಅಸಮಾಧಾನವೂ ಇರಲಿಲ್ಲ. ಕಂಪ್ಯೂಟರಿನ ಡಬ್ಬಗಳು ಮೆಟ್ಟಿಲೇರಿ ಬಂದ ದಿನ, ಬಾಗಿಲ ಸಂದಿಯಲ್ಲಿ ನಿಂತು ಒಂದೊಂದನ್ನೇ ಎಣಿಸುತ್ತ, ಜಯಸಿಂಹರು ಮೊದಲಿನಿಂದಲೂ ಸ್ವಲ್ಪ ಜಂಬದ ಮನುಷ್ಯ ಎಂಬುದು ಅವರಿಗೆ ಇದ್ದಕ್ಕಿದ್ದಂತೆ ಹೊಳೆಯಿತು.

ಆಮೇಲಿನದು ಬೇಗ ಬೇಗ ನಡೆದುಹೋಯಿತು. ಸೊಸೈಟಿಯ ಸೆಕ್ರೆಟರಿ ಅಣವೀರಪ್ಪನವರು, ಬಿಜಾಪುರದ ಕಡೆಯಿಂದ ಬಂದು ಬಿಲ್ಡಿಂಗ್ ಕಾಂಟ್ರ್ಯಾಕ್ಟಿನಲ್ಲಿ ಮುಂದೆ ಬಂದವರು, ಮುಂದಿನ ನೋಟೀಸನ್ನು ಜಯಸಿಂಹರ ಪ್ರಿಂಟರಿನಲ್ಲಿ ತೆಗೆಸಿದರು. ಅದರ ಸುತ್ತ ಹೂಬಳ್ಳಿಯ ಅಂಚು ಇತ್ತು. ನೀರಿನ ಟ್ಯಾಂಕ್ ತೊಳೆಯುವ ನೋಟೀಸಿಗೆ ಹೂಬಳ್ಳಿ ಯಾಕೆ ಎಂದು ವೆಂಕಟಸುಬ್ಬಯ್ಯನವರು ಹೆಂಡತಿ ರಮಾಮಣಿಯನ್ನು ಕೇಳಿದರು. ನೋಡೋಕೆ ಲಕ್ಷಣವಾಗಿದೆಯಲ್ಲ ಎಂದು ಆಕೆ ಹೇಳಿದ್ದು ಅವರಿಗೆ ಸರಿಬರಲಿಲ್ಲ. ಎರಡು ವಾರವಾದರೂ ಒಂದು ಅರ್ಜಿಯೂ ಅವರ ಬಾಗಿಲಿಗೆ ಬರಲಿಲ್ಲ. ಪಕ್ಕದ ಮನೆಯಿಂದ ಪ್ರಿಂಟರು ಕರ್ರ್ ಕರ್ರ್ ಎಂದು ಎಳೆಯುವ ಸದ್ದು ಕೇಳಿದಾಗಲೆಲ್ಲ ಅವರು ಟೈಪ್‌ರೈಟರಿಗೆ ಖಾಲಿ ಹಾಳೆ ಹಾಕಿ ಸುಮ್ಮನೆ ಜೋರಾಗಿ ಕುಟ್ಟುತ್ತಿದ್ದರು.

ಆಯುಧಪೂಜೆಯ ದಿನ ಜಯಸಿಂಹರು ಬಿಲ್ಡಿಂಗಿನ ಕನ್ನಡದವರನ್ನೆಲ್ಲ ಕರೆದರು. ಮಾನಿಟರಿಗೆ ಚೆಂಡುಹೂವಿನ ಹಾರ, ನೆತ್ತಿಯ ಮೇಲೆ ಕುಂಕುಮ. ಅವರ ಹೆಂಡತಿ ಸುಬ್ಬಲಕ್ಷ್ಮಿ ಬಿಸಿಬಿಸಿ ಬೋಂಡ ಮಾಡಿದ್ದರು. ಪೂಜೆಯಾದ ಮೇಲೆ ಜಯಸಿಂಹರು ದೊಡ್ಡ ಕಪ್ಪು ಹೆಡ್‌ಫೋನ್ ಒಂದನ್ನು ಕೈಗೆತ್ತಿಕೊಂಡರು. ಕಂಪ್ಯೂಟರಿನ ಹೊಟ್ಟೆಯಲ್ಲಿ ಸೌಂಡ್ ಕಾರ್ಡ್ ಅಂತ ಒಂದಿದೆ, ಇಡೀ ಪಾರ್ಲೆಯಲ್ಲಿ ಇನ್ನೊಬ್ಬರ ಮನೆಯಲ್ಲಿರಲಾರದು ಎಂದು ವಿವರಿಸಿದರು. ಅದರಲ್ಲಿ ಒಂದು ರೈಲು ಇತ್ತು. ಎಡಗಿವಿಯಲ್ಲಿ ಕೂಗುತ್ತ ಹೊರಟು, ತಲೆಯ ನಡುವೆ ಹಾದು, ಬಲಗಿವಿಯಿಂದ ಆಚೆ ಹೊರಟುಹೋಗುತ್ತದೆಂದು ಹೇಳಿದರು. ಅಣವೀರಪ್ಪನವರು ಕೇಳಿ ತಲೆಯಾಡಿಸಿದರು. ವೆಂಕಟಸುಬ್ಬಯ್ಯನವರ ಆಫೀಸಿನಲ್ಲೇ ಅಕೌಂಟ್ಸ್ ನೋಡುವ, ಮೂರನೆಯ ಮಹಡಿಯ ತಿರುಮಲೇಶ ಕಣ್ಣು ಮುಚ್ಚಿಕೊಂಡು ಕೇಳಿದ. ಎರಡೂ ಮನೆಯಲ್ಲಿ ಕಸಮುಸುರೆ ಮಾಡುವ ಭಾಗವ್ವನಿಗೂ ಸುಬ್ಬಲಕ್ಷ್ಮಿ ಕೇಳಿಸಿದರು. ಎಲ್ಲರೂ ಅದ್ಭುತ ಎಂದರು.

ವೆಂಕಟಸುಬ್ಬಯ್ಯನವರ ಸರದಿ ಬಂತು. ಬೇಡವೆನ್ನಬೇಕೆಂದು ಆಗಲೇ ನಿಶ್ಚಯಿಸಿದ್ದರೂ ಕೈ ಮುಂದೆ ಹೋಗಿತ್ತು. ರೈಲು ಎಡಗಿವಿಯಲ್ಲಿ ಎದೆ ನಡುಗುವಂತೆ ಹೊರಟಿತು, ಮೂಗಿನ ನೇರಕ್ಕೆ ಬಂತು, ಅಲ್ಲಿಂದಾಚೆಗೆ ಯಾರೋ ದೂರದಲ್ಲಿ ಹೊಲಿಗೆ ಮಿಷನ್ ತುಳಿದಂತೆ ಕ್ಷೀಣವಾಗಿಬಿಟ್ಟಿತು. ಅವರು ಮತ್ತೊಮ್ಮೆ ಹಾಕಿಸಿ ಕೇಳಿದರು. ಮತ್ತೂ ಹಾಗೆಯೇ. ಎರಡು ತಿಂಗಳಿಂದ ಎದೆಯ ಮೇಲೆ ಕೂತಿದ್ದ ಕಲ್ಲೊಂದು ಕರಗಿ ನೀರಾದ ಹಾಗಾಯಿತು. ಹೆಡ್‌ಫೋನ್ ತೆಗೆದು, ಕೂದಲು ಸರಿಮಾಡಿಕೊಂಡು, ಎಲ್ಲರಿಗೂ ಕೇಳುವಂತೆ ಹೇಳಿದರು:

"ರೈಲು ಚೆನ್ನಾಗಿದೆ ಜಯಸಿಂಹ ಅವರೇ. ಆದ್ರೆ ಬಾಂದ್ರಾವರೆಗೆ ಬರುತ್ತೆ, ದಾದರಿಗೆ ಬರೋದಿಲ್ಲ. ಬಲಗಡೆ ಸೌಂಡ್ ಕಮ್ಮಿ. ಪೀಸ್ ಡಿಫೆಕ್ಟಿವ್ ಇರಬೇಕು ನೋಡಿ."

ಬೋಂಡ ಅಗಿಯುತ್ತಿದ್ದ ಬಾಯಿಗಳು ನಿಂತವು. ಜಯಸಿಂಹರು ಹೆಡ್‌ಫೋನ್ ಹಾಕಿಕೊಂಡು ಗಂಭೀರವಾಗಿ ಪೂರ್ತಿ ಕೇಳಿದರು. ತಮಗೆ ಎರಡೂ ಕಡೆ ಒಂದೇ ಸಮ ಇದೆಯಲ್ಲ ಎಂದರು. ಅಣವೀರಪ್ಪನವರನ್ನು ಕೇಳಿದರು. ಅಣವೀರಪ್ಪನವರ ಎಡಗೈಯಲ್ಲಿ ಬೋಂಡದ ತಟ್ಟೆ, ಬಲಗೈಯಲ್ಲಿ ಪ್ರಿಂಟ್ ತೆಗೆಸಬೇಕಾದ ಹೊಸ ನೋಟೀಸು. "ಬರೋಬರ್ ಐತ್ರೀ. ಎರಡೂ ಕಡೆ ಸೇಮ್ ಟು ಸೇಮ್," ಎಂದರು. ತಿರುಮಲೇಶನೂ ಹೌದೆಂದ. ಭಾಗವ್ವನೂ ಹೌದೆಂದಳು. ಎಲ್ಲರೂ ವೆಂಕಟಸುಬ್ಬಯ್ಯನವರನ್ನು ನೋಡಿದರು. ಮೊದಲು ಮುಖವನ್ನು, ಆಮೇಲೆ ಬಲಗಿವಿಯನ್ನು. ಪಾಪ ಎಂಬ ಪದವನ್ನು ಯಾರೋ ಮೆಲ್ಲಗೆ ಹೇಳಿದರು. ಅದು ಅವರಿಗೆ ಸ್ಪಷ್ಟವಾಗಿ ಕೇಳಿಸಿತು.

ಮರುದಿನ ಬೆಳಿಗ್ಗೆ ಪಾತ್ರೆ ತೊಳೆಯುತ್ತ ಭಾಗವ್ವ ರಮಾಮಣಿಗೆ ಸಮಾಧಾನ ಹೇಳಿದಳು. "ನಮ್ಮ ಮಾವಗೂ ಹಿಂಗ ಒಂದ ಕಡೆ ಬಂದ್ ಆಗಿತ್ರೀ ಬಾಯಾರ. ಮುಂದ ಆರ ತಿಂಗಳದಾಗ ಎರಡೂ ಹ್ವಾದ್ವು." ಭಾಗವ್ವ ಬಿಲ್ಡಿಂಗಿನಲ್ಲಿ ಒಟ್ಟು ಏಳು ಮನೆಗೆ ಹೋಗುತ್ತಿದ್ದಳು. ಹನ್ನೊಂದು ಗಂಟೆಯ ಹೊತ್ತಿಗೆ ವೆಂಕಟಸುಬ್ಬಯ್ಯನವರ ಬಲಗಿವಿಯ ಸಮಾಚಾರ ತಳಮಹಡಿಯ ಗುಜರಾತಿಗಳಿಗೂ ಮುಟ್ಟಿತ್ತು.

ಅಂದಿನಿಂದ ಮೆಟ್ಟಿಲ ಮೇಲೆ ಸಿಕ್ಕವರೆಲ್ಲ ಅವರ ಎಡಕ್ಕೆ ಬಂದು ನಿಂತು ಮಾತಾಡತೊಡಗಿದರು. ಅಣವೀರಪ್ಪನವರಂತೂ ತೋಳು ಹಿಡಿದು, ಬಾಗಿ, ಎಡಗಿವಿಗೆ ಬಾಯಿ ತಾಗಿಸುವಷ್ಟು ಹತ್ತಿರ ಬಂದು, ಮೂರನೆಯ ಮಹಡಿಗೆ ಸಿಮೆಂಟು ಕಳಿಸಲು ಕೂಗುವ ಹಾಗೆ ಕೂಗಿದರು: "ಸಾಹೇಬ್ರ, ಇದು ಕೇಳಸ್ತೈತೇನ್ರೀ?" ವೆಂಕಟಸುಬ್ಬಯ್ಯನವರು ತಮಗೆ ಏನೂ ಆಗಿಲ್ಲವೆಂದೂ, ಆಗಿರುವುದು ಆ ಕಂಪ್ಯೂಟರಿಗೆಂದೂ ಹೇಳಿದರು. ಕೇಳಿದವರು ಒಪ್ಪಿಕೊಂಡವರಂತೆ ತಲೆದೂಗಿ, ಕಿವುಡರು ಯಾರೂ ತಮ್ಮ ಕಿವುಡನ್ನು ಒಪ್ಪುವುದಿಲ್ಲವೆಂದು ಆಚೆ ಹೋಗಿ ಮಾತಾಡಿಕೊಂಡರು.

ಇದಕ್ಕಿಂತ ಕೆಟ್ಟದ್ದು ಆಫೀಸಿನಲ್ಲಿ ಕಾದಿತ್ತು. ತಿರುಮಲೇಶ ಕೆಟ್ಟವನಲ್ಲ. ಹಿರಿಯರಿಗೆ ತೊಂದರೆಯಾಗಬಾರದೆಂದು ಸಾಹೇಬರಿಗೆ ಗುಟ್ಟಾಗಿ, ಅವರ ಬಲಗಡೆ ಕೂತು ಡಿಕ್ಟೇಷನ್ ಕೊಡಬೇಡಿ ಎಂದು ತಿಳಿಸಿದ್ದ. ಸಾಹೇಬರು ದಯಾಳು. ಅಂದಿನಿಂದ ಬಾಯಿಂದ ಪೈಪು ತೆಗೆದು, ಒಂದೊಂದೇ ಪದವನ್ನು ಕೂಗಿ ಹೇಳತೊಡಗಿದರು. ಗುಪ್ತ ಪತ್ರಗಳು ಇಡೀ ಮಹಡಿಗೆ ಕೇಳಿಸಿದವು. ನಾಲ್ಕನೆಯ ದಿನ ಸಾಹೇಬರ ಗಂಟಲು ಕಟ್ಟಿತು. ಐದನೆಯ ದಿನ ಡಿಕ್ಟೇಷನ್ನಿಗೆ ಹೊಸದಾಗಿ ಸೇರಿದ್ದ ಹುಡುಗಿಯನ್ನು ಕರೆದರು. ವೆಂಕಟಸುಬ್ಬಯ್ಯನವರ ಬೆನ್ನು ತಟ್ಟಿ, ಡಿಸ್ಪ್ಯಾಚ್ ವಿಭಾಗದಲ್ಲಿ ಅಂಟು ಹಚ್ಚುವ, ಮುದ್ರೆ ಒತ್ತುವ ಕೆಲಸ ಶಾಂತವಾಗಿರುತ್ತದೆ, ಯೋಚಿಸಿ, ಇಲ್ಲವಾದರೆ ಡಾಕ್ಟರ ಸರ್ಟಿಫಿಕೇಟ್ ತನ್ನಿ ಎಂದರು.

ಅಂದು ಲೋಕಲ್‌ನಲ್ಲಿ ನಿಂತು ಮನೆಗೆ ಬರುವಾಗ ವೆಂಕಟಸುಬ್ಬಯ್ಯನವರಿಗೆ ಮೊದಲ ಸಲ ಭಯವಾಯಿತು. ಅಷ್ಟು ಜನ ಸುಳ್ಳು ಹೇಳುತ್ತಾರೆಯೇ? ಪಾರ್ಲೆ ಸ್ಟೇಷನ್ನಿನಲ್ಲಿ ಇಳಿದು, ಕಂಬಕ್ಕೊರಗಿ, ಎಡಗಿವಿಗೆ ಬೆರಳಿಟ್ಟುಕೊಂಡು ಬಲಗಿವಿಯಿಂದ ಅನೌನ್ಸ್‌ಮೆಂಟ್ ಕೇಳಿದರು. ಒಂದಕ್ಷರ ತಿಳಿಯಲಿಲ್ಲ. ಗಾಬರಿಯಿಂದ ಬೆರಳು ತೆಗೆದು ಎರಡೂ ಕಿವಿಯಿಂದ ಕೇಳಿದರು. ಆಗಲೂ ತಿಳಿಯಲಿಲ್ಲ. ಪಕ್ಕದಲ್ಲಿದ್ದವನನ್ನು ವಿಚಾರಿಸಿದರೆ, ಇಪ್ಪತ್ತು ವರ್ಷದಿಂದ ತನಗೂ ತಿಳಿದಿಲ್ಲ ಎಂದ. ಮನೆಗೆ ಬಂದು ಕೈಗಡಿಯಾರವನ್ನು ಒಂದು ಕಿವಿಯಿಂದ ಇನ್ನೊಂದಕ್ಕೆ ಬದಲಾಯಿಸುತ್ತ ಕೂತರು. ಕೊನೆಗೆ ರಮಾಮಣಿ ಆ ಗಡಿಯಾರ ಕಿತ್ತುಕೊಂಡು, "ರೀ, ಹೊಟ್ಟೆಕಿಚ್ಚಿಗೆ ಕಿವಿ ಹೋಗಲ್ಲ. ನಾಳೆ ದಾದರಿಗೆ ಹೋಗಿ ತೋರಿಸ್ಕೊಂಡು ಬರೋಣ ನಡೀರಿ," ಎಂದರು. ಹೊಟ್ಟೆಕಿಚ್ಚು ಎಂಬ ಮಾತು ಎಲ್ಲಿಂದ ಬಂತೆಂದು ಅವರಿಗೆ ಅರ್ಥವಾಗಲಿಲ್ಲ.

ದಾದರಿನ ಕಿವಿಯ ಡಾಕ್ಟರು ಮಾತು ಕಮ್ಮಿಯ ಮರಾಠಿ ಮನುಷ್ಯ. ವೆಂಕಟಸುಬ್ಬಯ್ಯನವರನ್ನು ಟೆಲಿಫೋನ್ ಬೂತಿನಂಥ ಗೂಡಿನೊಳಗೆ ಕೂರಿಸಿ, ತಲೆಗೆ ಹೆಡ್‌ಫೋನ್ ಹಾಕಿ, ಶಬ್ದ ಕೇಳಿದಾಗ ಬೆರಳೆತ್ತಿ ಎಂದರು. ಹೆಡ್‌ಫೋನ್ ಕಂಡೊಡನೆ ಇವರಿಗೆ ಮೈ ಉರಿಯಿತು. ಆದರೂ ಪರೀಕ್ಷೆ ಬರೆಯುವ ವಿದ್ಯಾರ್ಥಿಯಂತೆ ಉಸಿರು ಬಿಗಿಹಿಡಿದು ಕೂತು, ಸೊಳ್ಳೆಯ ಮರಿ ಗುಂಯ್‌ಗುಟ್ಟಿದಂಥ ಸದ್ದಿಗೂ ಬೆರಳೆತ್ತಿದರು. ಡಾಕ್ಟರು ಶಬ್ದ ಇಳಿಸುತ್ತ ಹೋದರು. ಬೆರಳು ಏಳುತ್ತಲೇ ಇತ್ತು. ಕೊನೆಗೆ ಡಾಕ್ಟರು ಮಿಷನ್ ಸರಿಯಿದೆಯೇ ಎಂದು ತಾವೇ ಒಮ್ಮೆ ಹಾಕಿಕೊಂಡು ನೋಡಿದರು. ನಲವತ್ತೆಂಟು ವರ್ಷದವರ ತಲೆಯಲ್ಲಿ ಹದಿನೆಂಟರ ಕಿವಿಗಳಿವೆ, ಎರಡೂ ಒಂದೇ ಸಮ ಎಂದು ಹೇಳಿ, ಹಾಗೆಂದು ಬರೆದು ಸಹಿ ಹಾಕಿಕೊಟ್ಟರು.

ಆ ಸರ್ಟಿಫಿಕೇಟನ್ನು ವೆಂಕಟಸುಬ್ಬಯ್ಯನವರು ಮನೆಗೆ ಬಂದವರೇ ಟೈಪ್ ಮಾಡಿದರು. ಆರು ಪ್ರತಿ. ಒಂದು ಸಾಹೇಬರಿಗೆ ಹೋಯಿತು. ಸಾಹೇಬರು ಓದಿ, ಸಂತೋಷದಿಂದ ಪೈಪು ಮತ್ತೆ ಬಾಯಿಗಿಟ್ಟುಕೊಂಡು, ಡಿಕ್ಟೇಷನ್ನಿಗೆ ಕರೆದರು. ಒಂದು ತಿರುಮಲೇಶನ ಮೇಜಿಗೆ. ಒಂದು ಸೊಸೈಟಿಯ ನೋಟೀಸ್ ಬೋರ್ಡಿಗೆ, ಹೂಬಳ್ಳಿಯ ನೋಟೀಸಿನ ಪಕ್ಕದಲ್ಲೇ. ಅದರ ಕೆಳಗೆ ಅವರು ತಮ್ಮ ಕಡೆಯಿಂದ ಒಂದು ಸಾಲು ಸೇರಿಸಿದ್ದರು: ದೋಷ ಎಲ್ಲಿದೆಯೆಂಬುದನ್ನು ಸದಸ್ಯರು ತಾವೇ ಊಹಿಸಿಕೊಳ್ಳಬಹುದು.

ಸದಸ್ಯರು ಊಹಿಸಿಕೊಂಡರು. ತನಗೂ ಅವತ್ತು ಬಲಗಡೆ ಸಣ್ಣಗೇ ಕೇಳಿಸಿತ್ತೆಂದು ತಿರುಮಲೇಶ ಒಪ್ಪಿಕೊಂಡ. ಭಾಗವ್ವನನ್ನು ರಮಾಮಣಿ ತರಾಟೆಗೆ ತೆಗೆದುಕೊಂಡಾಗ ಅವಳು, "ನನಗೂ ಹಂಗ ಕೇಳ್ಸಿತ್ರೀ. ಅವರ ಮನಿ ಸಾಮಾನಾ ಕೆಟ್ಟೈತಿ ಅಂತ ನಾ ಯಾಕ ಹೇಳ್ಲಿ? ಸೀರಿ ಕೊಟ್ಟಾರ ದಸರಾಕ," ಎಂದಳು. ಅಣವೀರಪ್ಪನವರು ಮಾತ್ರ ತಮ್ಮ ಹೇಳಿಕೆಗೆ ಬದ್ಧರಾಗಿದ್ದರು. ಅವರು ಹೆಡ್‌ಫೋನನ್ನು ಕಿವಿಗಲ್ಲ, ಟೋಪಿಯ ಮೇಲೆ ಹಾಕಿಕೊಂಡಿದ್ದರೆಂದು ಆಮೇಲೆ ಗೊತ್ತಾಯಿತು.

ಜಯಸಿಂಹರಿಗೆ ಬಹಳ ನೋವಾಯಿತು. ಭಾನುವಾರ ಬೆಳಿಗ್ಗೆ ತಾವೇ ಬಂದು, ಮುಖಾಮುಖಿ ನೋಡಿಬಿಡೋಣ, ದೋಷ ಕಂಪ್ಯೂಟರಿನದೇ ಆದರೆ ಇಡೀ ಬಿಲ್ಡಿಂಗಿನೆದುರು ಒಪ್ಪಿಕೊಳ್ಳುತ್ತೇನೆ ಎಂದು ಕರೆದರು. ವೆಂಕಟಸುಬ್ಬಯ್ಯನವರು ಇಸ್ತ್ರಿ ಮಾಡಿದ ಷರ್ಟು ತೊಟ್ಟು ಹೋದರು.

ಕೋಣೆಯಲ್ಲಿ ಇಬ್ಬರೇ. ಭಾಗವ್ವ ಮೂಲೆಯಲ್ಲಿ ನೆಲ ಒರೆಸುತ್ತಿದ್ದಳು, ಅವಳನ್ನು ಯಾರೂ ಲೆಕ್ಕಕ್ಕೆ ಹಿಡಿಯಲಿಲ್ಲ. ಜಯಸಿಂಹರು ಎಂಜಿನ್ ಬಿಚ್ಚುವವರ ಶಿಸ್ತಿನಿಂದ ಶುರು ಮಾಡಿದರು. ಕಂಪ್ಯೂಟರಿನ ಹಿಂದಿನಿಂದ ಹೆಡ್‌ಫೋನಿನ ಪಿನ್ನು ಎಳೆದು, ಬಟ್ಟೆಯಲ್ಲಿ ಒರೆಸಿ, ಟಕ್ಕೆಂದು ಸದ್ದಾಗುವವರೆಗೆ ಒತ್ತಿದರು. ವೆಂಕಟಸುಬ್ಬಯ್ಯನವರು ಕೇಳಿ, ಬಲಗಡೆ ಈಗಲೂ ಕಮ್ಮಿ ಎಂದರು. ಜಯಸಿಂಹರು ವೈರನ್ನು ಉದ್ದಕ್ಕೂ ಬೆರಳಲ್ಲಿ ಬಗ್ಗಿಸಿ ನೋಡಿದರು. ಕಮ್ಮಿಯೇ. ಆಗ ವೆಂಕಟಸುಬ್ಬಯ್ಯನವರಿಗೆ ಒಂದು ಯೋಚನೆ ಬಂದು, ಹೆಡ್‌ಫೋನನ್ನು ತಿರುಗಿಸಿ, ಎಡಗಿವಿಯದನ್ನು ಬಲಕ್ಕೂ ಬಲಗಿವಿಯದನ್ನು ಎಡಕ್ಕೂ ಹಾಕಿಕೊಂಡರು. ಈಗ ಬಲಗಿವಿ ತುಂಬ ಸದ್ದು, ಎಡಗಿವಿಯಲ್ಲಿ ಹೊಲಿಗೆ ಮಿಷನ್ನು. ಕಿವಿ ಅಲ್ಲ, ಸಾಮಾನಿನದೇ ತಪ್ಪು ಎಂಬುದಕ್ಕೆ ಇನ್ನು ಸರ್ಟಿಫಿಕೇಟೂ ಬೇಕಿರಲಿಲ್ಲ. ಅವರು ಹೆಡ್‌ಫೋನನ್ನು ಹಾಗೆಯೇ ತೆಗೆದು ರಾಜನಿಗೆ ಕಿರೀಟ ತೊಡಿಸುವಂತೆ ಜಯಸಿಂಹರ ತಲೆಗೆ ಹಾಕಿದರು.

ಜಯಸಿಂಹರು ಕೇಳಿದರು. ಎಡಗಿವಿಯ ಮೇಲೆ ಒತ್ತಿಕೊಂಡು ಕೇಳಿದರು. "ಎಡಗಡೆ ಸತ್ತೇ ಹೋಯ್ತಲ್ಲ. ಏನೂ ಇಲ್ಲ," ಎಂದರು.

ಸಣ್ಣದಾಗಿಯಾದರೂ ಕೇಳಬೇಕಿತ್ತು. ವೆಂಕಟಸುಬ್ಬಯ್ಯನವರು ತೆಗೆದುಕೊಂಡು ಮತ್ತೆ ಹಾಕಿ ನೋಡಿದರು. ಸಣ್ಣದಾಗಿ ಇತ್ತು.

ಇಬ್ಬರೂ ಒಬ್ಬರನ್ನೊಬ್ಬರು ನೋಡಲಿಲ್ಲ. ಜಯಸಿಂಹರು ಕೀಬೋರ್ಡಿನ ಮೇಲೆ ಏನೋ ಒತ್ತಿ, ಸೌಂಡಿನ ಲೆಕ್ಕ ಇಟ್ಟಿರುವ ಒಂದು ಪರದೆ ತೆರೆದರು. ಅದರಲ್ಲಿ ಎಡಗಡೆಗೊಂದು, ಬಲಗಡೆಗೊಂದು ಪಟ್ಟಿ. ಎಡದ್ದು ತುದಿ ಮುಟ್ಟಿತ್ತು. ಬಲದ್ದು ಕಾಲುಭಾಗ ಮಾತ್ರ.

"ಇದನ್ನ ಯಾರು ಮಾಡಿದ್ದು?" ಎಂದರು ವೆಂಕಟಸುಬ್ಬಯ್ಯನವರು. ಅವರ ದನಿಯಲ್ಲಿ ಹಬ್ಬದ ಸಂಭ್ರಮವಿತ್ತು.

"ನಾನೇ," ಎಂದರು ಜಯಸಿಂಹರು. "ತಂದ ದಿನ ಎಡಗಡೆ ಏನೂ ಕೇಳಿಸ್ತಿರ್ಲಿಲ್ಲ. ಅದಕ್ಕೆ ಅದನ್ನ ಏರಿಸಿ, ಇದನ್ನ ಇಳಿಸಿ, ಎರಡೂ ಸಮ ಆಗೋವರೆಗೆ ಅಡ್ಜಸ್ಟ್ ಮಾಡಿದೆ."

ಅವರು ಎರಡು ಪಟ್ಟಿಗಳನ್ನೂ ಒಂದೇ ಎತ್ತರಕ್ಕೆ ತಂದರು. ವೆಂಕಟಸುಬ್ಬಯ್ಯನವರ ತಲೆಯಲ್ಲಿ ರೈಲು ಎಡದಿಂದ ಹೊರಟು ಬಲಕ್ಕೆ ನುಣ್ಣಗೆ ಹಾದುಹೋಯಿತು. ಎಷ್ಟು ಸೊಗಸಾಗಿತ್ತೆಂದರೆ ಅವರಿಗೆ ಸಿಟ್ಟೇ ಬಂತು. ಜಯಸಿಂಹರು ಹಾಕಿಕೊಂಡರು. ಅವರ ರೈಲು ತಲೆಯ ನಡುವಿನಿಂದ ಹೊರಟಿತು.

ಅವರು ಹೆಡ್‌ಫೋನ್ ತೆಗೆದು ಮೇಜಿನ ಮೇಲಿಟ್ಟರು. ಆಮೇಲೆ, ಇಪ್ಪತ್ತೆರಡು ವರ್ಷ ಎಂಜಿನ್ನನ್ನು ಎಡಗಡೆಗೇ ಇಟ್ಟುಕೊಂಡು ಕೆಲಸ ಮಾಡಿದ್ದೇನೆ ಎಂದರು. ಸುಬ್ಬಲಕ್ಷ್ಮಿ ಊಟಕ್ಕೆ ಕೂರುವುದು ಎಡಪಕ್ಕದಲ್ಲಿ, ಮೂರು ವರ್ಷದಿಂದ ಅವಳು ಮಾತು ಕಡಿಮೆ ಮಾಡಿದ್ದಾಳೆ ಅಂದುಕೊಂಡಿದ್ದೆ ಎಂದರು. ಒಳಗಿನಿಂದ ಸುಬ್ಬಲಕ್ಷ್ಮಿ ಕಾಫಿ ತಣ್ಣಗಾಗುತ್ತದೆಂದು ಮೂರನೆಯ ಸಲ ಕೂಗುತ್ತಿದ್ದರು.

"ವೆಂಕಟಸುಬ್ಬಯ್ಯನವರೇ, ಇದು ನಮ್ಮಿಬ್ಬರಲ್ಲೇ ಇರಲಿ."

ವೆಂಕಟಸುಬ್ಬಯ್ಯನವರು ಮಾತು ಕೊಟ್ಟರು. ಅದು ಬರಿಯ ನಾಟಕವಾಗಿರಲಿಲ್ಲ. ಗೋಡೆಯಾಚೆಯ ಮನುಷ್ಯನ ಮೇಲೆ ಎರಡು ತಿಂಗಳಲ್ಲಿ ಮೊದಲ ಸಲ ಅವರಿಗೆ ಪ್ರೀತಿ ಬಂದಿತ್ತು. ಅಲ್ಲದೆ ಗುಟ್ಟು ಗುಟ್ಟಾಗಿ ಇರುವವರೆಗೆ ಅದು ಬಿಲ್ಡಿಂಗಿನಲ್ಲಿ ಅವರೊಬ್ಬರ ಬಳಿ ಮಾತ್ರ ಇರುವ ವಸ್ತು. ಹೆಂಡತಿಗೂ ಹೇಳಲಿಲ್ಲ. ಏನಾಯಿತೆಂದು ರಮಾಮಣಿ ಕೇಳಿದಾಗ ನಿಗೂಢವಾಗಿ ನಕ್ಕು, ಎರಡನೆಯ ಲೋಟ ಕಾಫಿ ಕೇಳಿದರು.

ಅಷ್ಟರಲ್ಲಿ ಭಾಗವ್ವ ನೆಲ ಒರೆಸುವುದನ್ನು ಮುಗಿಸಿ ಉಳಿದ ಮನೆಗಳಿಗೆ ಹೋಗಿದ್ದಳು.

ಜಯಸಿಂಹರ ಗತಿ ಇನ್ನು ತಮ್ಮಂತೆಯೇ ಎಂದು ವೆಂಕಟಸುಬ್ಬಯ್ಯನವರು ಕನಿಕರಪಟ್ಟಿದ್ದು ಸುಮಾರು ಒಂದು ದಿನ. ಆದರೆ ಬಿಲ್ಡಿಂಗು ಈ ಸಲ ಬೇರೆ ರೀತಿ ನಡೆದುಕೊಂಡಿತು. ವಿಮಾನದ ಎಂಜಿನ್ನಿನ ಪಕ್ಕದಲ್ಲಿ ಇಪ್ಪತ್ತೆರಡು ವರ್ಷ ನಿಂತು ಒಂದು ಕಿವಿಯನ್ನೇ ಕೊಟ್ಟ ಮನುಷ್ಯ ಎಂದು ಮೆಟ್ಟಿಲುಗಳಲ್ಲಿ ಮಾತಾಯಿತು. ನಾವು ಆಕಾಶದಲ್ಲಿ ನೆಮ್ಮದಿಯಾಗಿ ಹಾರುವುದು ಯಾರ ಕಿವಿಯಿಂದ ಎಂದು, ಒಮ್ಮೆಯೂ ವಿಮಾನ ಹತ್ತದ ಅಣವೀರಪ್ಪನವರು ಕೇಳಿದರು. ತಳಮಹಡಿಯ ಗುಜರಾತಿಗಳು ಮೋಸಂಬಿ ತಂದುಕೊಟ್ಟರು. ತಿರುಮಲೇಶ ದಾದರಿಗೆ ಜೊತೆಗೆ ಹೋದ. ಡಾಕ್ಟರು ಶ್ರವಣಯಂತ್ರ ಬರೆದುಕೊಟ್ಟರು. ಭಾವಮೈದುನ ಸಿಂಗಾಪುರದಿಂದ ಕಳಿಸಿದ. ಗೋಡಂಬಿಯಷ್ಟು ಚಿಕ್ಕದು, ಚರ್ಮದ್ದೇ ಬಣ್ಣ, ನೀಲಿ ಮಖಮಲ್ಲಿನ ಡಬ್ಬಿಯಲ್ಲಿ ಬಂತು. ಅದನ್ನು ನೋಡಲು ಮೂರು ದಿನ ಜನ ಬಂದರು. ಅದನ್ನಿಟ್ಟುಕೊಂಡರೆ ಗೇಟಿನ ಹತ್ತಿರ ಆಡಿದ ಮಾತು ಕೂಡ ಕೇಳುತ್ತದೆಂದು ಜಯಸಿಂಹರು ಮುಗ್ಧವಾಗಿ ಹೇಳಿದ ಮೇಲೆ ಗೇಟಿನ ಹತ್ತಿರ ಎಲ್ಲರೂ ಅವರನ್ನು ಹೊಗಳತೊಡಗಿದರು.

ವಾರ್ಷಿಕ ಸಭೆಯಲ್ಲಿ ಅವರಿಗೆ ಶಾಲು ಹೊದಿಸುವುದೆಂದು ನಿಶ್ಚಯವಾಯಿತು. ನೋಟೀಸು ದೊಡ್ಡದಾಗಿದ್ದು ಬೋರ್ಡಿನಲ್ಲಿ ಜಾಗ ಸಾಲದೆ, ಅಣವೀರಪ್ಪನವರು ವೆಂಕಟಸುಬ್ಬಯ್ಯನವರ ಸರ್ಟಿಫಿಕೇಟನ್ನು ಕಿತ್ತು, ಮಡಿಸಿ, ಗೌರವದಿಂದ ಅವರ ಬಾಗಿಲ ಸಂದಿಯಲ್ಲಿ ತುರುಕಿ ಹೋದರು. ಸಭೆಯ ದಿನ ಜಯಸಿಂಹರು ಎದ್ದು, ತಮ್ಮ ದೋಷವನ್ನು ಮೊದಲು ಕಂಡುಹಿಡಿದವರು ಪಕ್ಕದ ಮನೆಯ ವೆಂಕಟಸುಬ್ಬಯ್ಯನವರೇ ಎಂದು ಮನಸಾರೆ ಹೇಳಿದರು. ಆದರೆ ಅದೇ ಹೊತ್ತಿಗೆ ಕಾಫಿ ಬಂದದ್ದರಿಂದ ಆ ಮಾತು ಹೆಚ್ಚು ಜನಕ್ಕೆ ಕೇಳಿಸಲಿಲ್ಲ. ಮನೆಗೆ ಬರುವಾಗ ರಮಾಮಣಿ, ಆ ಯಂತ್ರ ಎಷ್ಟು ಚೆನ್ನಾಗಿ ಕೂತಿದೆ ಅವರ ಕಿವಿಗೆ, ಒಂದು ಒಡವೆ ಇಟ್ಟ ಹಾಗೆ, ಎಂದರು.

ಮುಂದಿನ ಶನಿವಾರ ಆಫೀಸಿನಿಂದ ಹೊರಟ ವೆಂಕಟಸುಬ್ಬಯ್ಯನವರು ಪಾರ್ಲೆವರೆಗೆ ಬರದೆ ದಾದರಿನಲ್ಲಿ ಇಳಿದರು. ಮನೆಯಲ್ಲಿ ಹೇಳಿರಲಿಲ್ಲ. ಡಾಕ್ಟರು ಗುರುತು ಹಿಡಿದು, ಮತ್ತೆ ಏನು ಬಂದಿರಿ ಎಂದು ಕೇಳಿದರು. ಹೋದ ಸಲದಿಂದ ಈಚೆಗೆ ಏನಾದರೂ ವ್ಯತ್ಯಾಸವಾಗಿದೆಯೋ ನೋಡಬೇಕಿತ್ತು, ಬಲಗಡೆ ಸ್ವಲ್ಪ ಮಂದ ಅನ್ನಿಸುತ್ತಿದೆ ಎಂದು ಇವರು ಹೇಳಿದರು. ಡಾಕ್ಟರು ಮತ್ತೆ ಗೂಡಿನೊಳಗೆ ಕೂರಿಸಿದರು. ಇವರು ಈ ಸಲ ಬೆರಳು ಎತ್ತಲು ತಡಮಾಡಿ ನೋಡಿದರು. ಆದರೆ ಇಪ್ಪತ್ತೈದು ವರ್ಷ ಒಂದು ಪದ ಬಿಡದೆ ಕೇಳಿ ಅಭ್ಯಾಸವಾದ ಮನುಷ್ಯ, ಸದ್ದು ಬಂದಕೂಡಲೇ ಬೆರಳು ತನ್ನಷ್ಟಕ್ಕೆ ಏಳುತ್ತಿತ್ತು.

ಡಾಕ್ಟರು ಕಾಗದ ನೋಡಿ ಮೆಚ್ಚುಗೆಯಿಂದ ನಕ್ಕರು. ಹೋದ ಸಲಕ್ಕಿಂತಲೂ ಚೆನ್ನಾಗಿದೆ ಎಂದರು.

"ಸ್ವಲ್ಪವೂ ಏನೂ ಇಲ್ಲವೇ?" ಎಂದು ವೆಂಕಟಸುಬ್ಬಯ್ಯನವರು ಕೇಳಿದರು.

ಎಂಬತ್ತಾಗುವವರೆಗೆ ನಿಮಗೆ ಯಾವ ಯಂತ್ರದ ಯೋಚನೆಯೂ ಬೇಡ, ನಾನು ಬರೆದುಕೊಡುತ್ತೇನೆ ಎಂದರು ಡಾಕ್ಟರು. ಬರೆದುಕೊಡುವುದು ಬೇಡವೆಂದು ಹೇಳಿ ಇವರು ಮೆಟ್ಟಿಲಿಳಿದು ಸ್ಟೇಷನ್ನಿನ ಕಡೆಗೆ ನಡೆದರು. ಎಂಬತ್ತಾಗಲು ಇನ್ನೂ ಮೂವತ್ತೆರಡು ವರ್ಷವಿತ್ತು.